ಅಜ್ಜಿ ಮನೆ ಕಿಟಕಿಯ ಕೊಕ್ಕೆ

ಇದು ಕಿಟಕಿ ಬಗ್ಗೆ ಬರೆದ ಲೇಖನ. ನಾನು ಸಾಫ್ಟ್‌ವೇರ್‌ನವನು ಅಂತ ಗೊತ್ತಿರೋರು ಮೈಕ್ರೋಸಾಫ್ಟ್ ವಿಂಡೋಸ್ ಅಂದ್ಕೊಂಡು ಓಡಿ ಹೋಗಬೇಡಿ. ಇದು ನಿಜವಾದ ಕಿಟಕಿ, ಮರದ್ದು, ಸರಳು ಇರುವಂಥದ್ದು :-)

ಹೋದ ತಿಂಗಳು ಎರಡು ವಾರ ಕೊರಟಗೆರೆಯಲ್ಲಿದ್ದೆ. ಆಫೀಸಿನವರಿಗೆ ವರ್ಕ್ ಫ್ರಂ ಹೋಮ್ ಅಂತ ಹೇಳಿದ್ದು, ನಿಜವಾಗಿ ಹೋಗಿದ್ದು ಅಜ್ಜಿಯನ್ನು ನೋಡಿಕೊಳ್ಳೋಕೆ. ಎಪ್ಪತ್ತೈದು ದಾಟಿದ ಅಜ್ಜಿಗೆ ಡೆಂಗ್ಯೂ ಆಗಿತ್ತು. ತುಮಕೂರಿನ ಆಸ್ಪತ್ರೆಯಲ್ಲಿ ಆರು ದಿನ ಇದ್ದು, ಪ್ಲೇಟ್‌ಲೆಟ್ ಮೇಲೆ ಬಂದ ಮೇಲೆ ಮನೆಗೆ ಕರ್ಕೊಂಡು ಬಂದ್ವಿ. ಈಗ ಹುಷಾರಾಗಿದ್ದಾರೆ, ಬೈಯೋಕೆ ಶುರು ಮಾಡಿದ್ದಾರೆ. ಅಂದ್ರೆ ಗುಣ ಆಗಿದೆ ಅಂತ ಅರ್ಥ.

ಆದರೆ ನನಗೆ ಮಾತ್ರ ಒಂದು ವಿಷಯ ಒಳಗೇ ಕೊರೀತಾ ಇತ್ತು. ಎರಡು ವರ್ಷದ ಹಿಂದೆ ದೊಡ್ಡ ಉಪಕಾರ ಮಾಡ್ತೀನಿ ಅಂತ ಹೊರಟು, ಆ ಮನೆಯ ಕಿಟಕಿಗಳಿಗಿದ್ದ ಹಳೇ ಮರದ ಜಾಲರಿ ಚೌಕಟ್ಟುಗಳನ್ನು ಬಿಚ್ಚಿ ಅಟ್ಟಕ್ಕೆ ಹಾಕಿದವನು ನಾನೇ. ಅದರ ಬದಲಿಗೆ ಆನ್‌ಲೈನ್‌ನಲ್ಲಿ ತರಿಸಿದ ವೆಲ್ಕ್ರೋ ಪಟ್ಟಿಯ ನೈಲಾನ್ ನೆಟ್ ಅಂಟಿಸಿದ್ದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗೀತು. ಫೋಟೋ ತೆಗೆದು ಮನೆಯವರ ಗ್ರೂಪಿಗೂ ಹಾಕಿದ್ದೆ. ಆದ್ರೆ ಅಂಟಿಸಿದ್ದು ಎಲ್ಲಿಗೆ? ಹೊರಗಡೆ ಸುಣ್ಣ ಬಳಿದ ಗೋಡೆಗೆ. ಎರಡು ಬೇಸಿಗೆ, ಎರಡು ಮಳೆಗಾಲ ಆದ ಮೇಲೆ ಅಂಟು ಸುಣ್ಣದ ಹಕ್ಕಳೆಯನ್ನೂ ಕಿತ್ತುಕೊಂಡು ಬಂದಿತ್ತು. ಈ ಸಲ ಹೋಗಿ ನೋಡಿದರೆ ಅಜ್ಜಿ ಮಲಗುವ ಕೋಣೆಯ ಕಿಟಕಿಯಲ್ಲಿ, ಕೆಳಗಿನ ಮೂಲೆಯಲ್ಲಿ, ಎರಡು ಬೆರಳು ತೂರುವಷ್ಟು ಸಂದು.

ಅದೇ ಸಂದಿನಿಂದ ಬಂದ ಸೊಳ್ಳೆಯೇ ಅಜ್ಜಿಗೆ ಕಚ್ಚಿತು ಅಂತ ಹೇಳೋಕಾಗಲ್ಲ. ಹಿತ್ತಲಲ್ಲೂ ಕಚ್ಚಿರಬಹುದು, ಪಕ್ಕದ ಮನೆಯಲ್ಲೂ ಕಚ್ಚಿರಬಹುದು. ಆದರೂ ಆ ಸಂದನ್ನು ನೋಡಿ ನಿಂತಾಗ ನನಗೆ ಹೇಗಾಯ್ತು ಅನ್ನೋದು ನಿಮಗೆ ಅರ್ಥ ಆಗುತ್ತೆ ಅಂದ್ಕೊಂಡಿದೀನಿ. ಅಟ್ಟ ಹತ್ತಿ ಹಳೇ ಚೌಕಟ್ಟುಗಳನ್ನು ಇಳಿಸಿದೆ. ಧೂಳು ಒರೆಸುತ್ತಾ ಕೂತಾಗ, ಅದರ ಮೇಲಿದ್ದ ಪುಟ್ಟ ಪುಟ್ಟ ಕಬ್ಬಿಣದ ಸಾಮಾನುಗಳನ್ನು ಜೀವನದಲ್ಲಿ ಮೊದಲ ಸಲ ಸರಿಯಾಗಿ ನೋಡಿದೆ. ಈ ಬರಹ ಹುಟ್ಟಿದ್ದು ಅಲ್ಲಿಂದ.

ಚೌಕಟ್ಟಿನ ಮೇಲೆ ಏನೇನಿತ್ತು?

ಮೂರು ಅಡಿ ಅಗಲ, ಮೂರೂವರೆ ಅಡಿ ಎತ್ತರದ ಮರದ ಚೌಕಟ್ಟು. ನಡುವೆ ಕಬ್ಬಿಣದ ತಂತಿಯ ಜಾಲರಿ. ಸುತ್ತ ಸಣ್ಣ ರೀಪು ಇಟ್ಟು ಮೊಳೆ ಹೊಡೆದಿದ್ದಾರೆ. ಇಷ್ಟು ಎಲ್ಲರಿಗೂ ಕಾಣುತ್ತೆ. ಇದನ್ನು ಬಿಟ್ಟು ಮೂರು ಥರದ ಲೋಹದ ಸಾಮಾನು ಅದರಲ್ಲಿತ್ತು.

ಒಂದು, ನಾಲ್ಕೂ ಮೂಲೆಗೆ ಹೊಡೆದ ‘ಎಲ್’ ಆಕಾರದ ತಗಡಿನ ಪಟ್ಟಿ. ಪ್ರತಿ ಪಟ್ಟಿಗೂ ನಾಲ್ಕು ಸ್ಕ್ರೂ. ನಾಲ್ಕು ಕಡ್ಡಿ ಸೇರಿಸಿ ಚೌಕ ಮಾಡಿದರೆ ಅದು ಗಟ್ಟಿ ನಿಲ್ಲಲ್ಲ, ಒಂದು ಮೂಲೆ ಒತ್ತಿದರೆ ವಾಲಿಕೊಳ್ಳುತ್ತೆ. ತ್ರಿಕೋನ ಮಾತ್ರ ವಾಲಲ್ಲ. ಇದು ಇಂಜಿನಿಯರಿಂಗ್ ಮೊದಲನೇ ವರ್ಷದಲ್ಲೇ ಹೇಳಿಕೊಡ್ತಾರೆ, ನಾವು ಪರೀಕ್ಷೆಗೆ ಬರೆದು ಮರೀತೀವಿ. ಆ ಎಲ್ ಪಟ್ಟಿಯ ಕೆಲಸ ಮೂಲೆಯನ್ನು ತೊಂಬತ್ತು ಡಿಗ್ರಿಯಲ್ಲೇ ಹಿಡಿದಿಡೋದು.

ಎರಡು, ಮೇಲ್ಗಡೆ ಎರಡು ತೂಗುಕೊಕ್ಕೆ. ಕಿಟಕಿಯ ಚೌಕಟ್ಟಿಗೆ ಹೊಡೆದ ಎರಡು ಬಳೆಗಳಿಗೆ ಇದನ್ನು ಸಿಕ್ಕಿಸಿ ಜಾಲರಿಯನ್ನು ಹೊರಗಡೆ ಇಳಿಬಿಡೋದು. ನಮ್ಮ ಹಳೇ ಮನೆಗಳಲ್ಲಿ ಕಿಟಕಿಯ ಬಾಗಿಲು ಒಳಕ್ಕೆ ತೆರೆಯುತ್ತೆ, ಹಾಗಾಗಿ ಜಾಲರಿ ಹೊರಗೇ ಇರಬೇಕು. ವರ್ಷಕ್ಕೊಂದು ಸಲ, ಹಬ್ಬಕ್ಕೆ ಸುಣ್ಣ ಬಳಿಯುವಾಗ, ಎತ್ತಿ ತೆಗೆದು ತೊಳೆದು ಮತ್ತೆ ಸಿಕ್ಕಿಸಬಹುದು. ಸ್ಕ್ರೂ ಡ್ರೈವರ್ ಬೇಡ, ಬಡಗಿ ಬೇಡ.

ಮೂರು, ಕೆಳಗಡೆ ಒಂದು ಉದ್ದ ಕೊಕ್ಕೆ. ಒಳಗಿನಿಂದ ಸರಳುಗಳ ನಡುವೆ ಕೈ ಹಾಕಿ, ಕಿಟಕಿಯ ಬಳೆಗೆ ಇದನ್ನು ಸಿಕ್ಕಿಸಿದರೆ ಜಾಲರಿ ಚೌಕಟ್ಟು ಗೋಡೆಗೆ ಒತ್ತಿ ಕೂತುಕೊಳ್ಳುತ್ತೆ. ಗಾಳಿಗೆ ಪಟಪಟ ಅನ್ನಲ್ಲ, ಸಂದು ಬಿಡಲ್ಲ.

ಇನ್ನು ಹಿತ್ತಲ ಬಾಗಿಲಿಗಿದ್ದ ಜಾಲರಿ ಕದದ್ದು ಇನ್ನೊಂದು ಕಥೆ. ಅದು ಪಕ್ಕದ ಹಿಂಜಿನ ಮೇಲೆ ನಿಲ್ಲುವ ಕದ. ಹಾಗಾಗಿ ಕೈ ಹಿಡಿಯುವ ಕಡೆಯ ಮೂಲೆ ವರ್ಷ ಕಳೆದಂತೆ ಜೋತು ಬೀಳುತ್ತೆ. ಅದನ್ನು ಎತ್ತಿ ಹಿಡಿಯೋಕೆ ಹಿಂಜಿನ ಕಡೆಯ ಮೇಲಿನ ಮೂಲೆಯಿಂದ ಎದುರಿನ ಕೆಳಮೂಲೆಗೆ ಅಡ್ಡಡ್ಡ ಎರಡೆಳೆ ತಂತಿ ಎಳೆದಿದ್ದಾರೆ, ನಡುವೆ ಒಂದು ದಪ್ಪ ಮೊಳೆ ಇಟ್ಟು ತಿರುಚಿದ್ದಾರೆ. ತಿರುಚಿದಷ್ಟೂ ತಂತಿ ಬಿಗಿಯಾಗುತ್ತೆ, ಜೋತ ಮೂಲೆ ಮೇಲೆದ್ದು ಬರುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಇದೇ ಕೆಲಸಕ್ಕೆ ಟರ್ನ್‌ಬಕಲ್ ಸಿಗುತ್ತೆ. ಅದರ ಒಂದು ತುದಿಗೆ ಬಲಮರೆ, ಇನ್ನೊಂದು ತುದಿಗೆ ಎಡಮರೆ, ನಡುವಿನದನ್ನು ತಿರುಗಿಸಿದರೆ ಎರಡೂ ಕಡೆ ಒಟ್ಟಿಗೇ ಎಳೆಯುತ್ತೆ. ನಮ್ಮ ತಾತ ಒಂದು ಮೊಳೆಯಲ್ಲಿ ಅದೇ ಕೆಲಸ ಮುಗಿಸಿದ್ದರು!

ಕೊಕ್ಕೆ ಬೇರೆ, ಪಟ್ಟಿ ಬೇರೆ

ಒರೆಸುತ್ತಾ ಹೋದಂತೆ ಇನ್ನೊಂದು ಕಣ್ಣಿಗೆ ಬಿತ್ತು. ಮೂಲೆಯ ಪಟ್ಟಿಗಳು ಒಂದರಂತೆ ಒಂದು ಇವೆ, ಅಂಗಡಿಯಿಂದ ತಂದವು. ಆದರೆ ಕೊಕ್ಕೆಗಳು ಒಂದರಂತೆ ಒಂದಿಲ್ಲ. ಒಂದು ಸ್ವಲ್ಪ ಉದ್ದ, ಒಂದು ಸ್ವಲ್ಪ ಗಿಡ್ಡ. ಮೈಯೆಲ್ಲಾ ಸುತ್ತಿಗೆ ಏಟಿನ ಗುರುತು. ಮರಕ್ಕೆ ಹೋಗುವ ತುದಿಯಲ್ಲಿ ಮರೆ ಇಲ್ಲ, ಮೊಳೆಯಂತೆ ಚೂಪು ಮಾಡಿದ್ದಾರೆ, ಹೊಡೆದು ಕೂರಿಸೋದು.

ಅಜ್ಜಿಯನ್ನು ಕೇಳಿದೆ. "ಅವು ಕುಲುಮೇಲಿ ಮಾಡ್ಸಿದ್ದು ಕಣಪ್ಪಾ. ನಿಮ್ಮ ತಾತ ಮುರಿದ ಕಿಟಕಿ ಸರಳು ತಗೊಂಡೋಗಿ ಆಚಾರ್ರ ಹತ್ರ ಕೂತು ಮಾಡಿಸ್ಕೊಂಡು ಬಂದ್ರು" ಅಂದರು.

ಯಾವಾಗ ಅಜ್ಜಿ?

"ನಿಮ್ಮಮ್ಮನಿಗೆ ಚಳಿಜ್ವರ ಬಂದಿತ್ತಲ್ಲ, ಅದಾದ್ಮೇಲೆ. ಅವಳಿಗಾಗ ಮೂರು ವರ್ಷ. ಬದುಕ್ತಾಳೋ ಇಲ್ವೋ ಅಂತ ಆಗಿತ್ತು."

ಅಮ್ಮ ಹುಟ್ಟಿದ್ದು 1973ರಲ್ಲಿ. ಅಂದ್ರೆ ಇದು 1976ರ ಮಾತು. ಈ ಇಸವಿ ನೆನಪಿಟ್ಟುಕೊಂಡಿರಿ, ಆಮೇಲೆ ಇದಕ್ಕೇ ಬರ್ತೀನಿ. ಮೊದಲು ಕೊಕ್ಕೆಯ ವಿಷಯ.

ಕೊರಟಗೆರೆ ತಾಲ್ಲೂಕಿಗೂ ಕಬ್ಬಿಣಕ್ಕೂ ಇರುವ ನಂಟು ನಮ್ಮ ಎಷ್ಟು ಜನಕ್ಕೆ ಗೊತ್ತು? ನನಗಂತೂ ಗೊತ್ತಿರಲಿಲ್ಲ. ಟಿಪ್ಪು ಸತ್ತ ಮಾರನೇ ವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಮೈಸೂರು ಸೀಮೆಯನ್ನೆಲ್ಲಾ ಸುತ್ತಿದ. ಯಾವ ಊರಲ್ಲಿ ಏನು ಬೆಳೀತಾರೆ, ಏನು ಮಾಡ್ತಾರೆ, ಎಷ್ಟಕ್ಕೆ ಮಾರ್ತಾರೆ ಅಂತ ಬರೆದುಕೊಂಡು ಹೋಗೋದೇ ಅವನ ಕೆಲಸ. 1807ರಲ್ಲಿ ಲಂಡನ್ನಿನಲ್ಲಿ ಅದು ಮೂರು ಸಂಪುಟವಾಗಿ ಅಚ್ಚಾಯಿತು. ಅದರಲ್ಲಿ ನಮ್ಮ ಕಡೆಯ ಮಧುಗಿರಿ, ಚನ್ನರಾಯನದುರ್ಗ, ದೇವರಾಯನದುರ್ಗ, ಹಾಗಲವಾಡಿ ಸೀಮೆಗಳಲ್ಲಿ ಕಬ್ಬಿಣ ಕರಗಿಸುತ್ತಿದ್ದ ವಿವರ ಇದೆ. ಚನ್ನರಾಯನದುರ್ಗ ಅಂದರೆ ನಮ್ಮ ಕೊರಟಗೆರೆಯಿಂದ ಕಾಣುವ ಬೆಟ್ಟವೇ, ಈಗ ಜನ ವೀಕೆಂಡಲ್ಲಿ ಟ್ರೆಕ್ಕಿಂಗ್ ಹೋಗಿ ಸೆಲ್ಫಿ ತಗೊಳ್ಳೋ ಜಾಗ.

ಮಧುಗಿರಿ, ಚನ್ನರಾಯನದುರ್ಗದ ಕಡೆ ಕಬ್ಬಿಣ ಬರುತ್ತಿದ್ದದ್ದು ಗಣಿಯಿಂದಲ್ಲ. ಮಳೆಗಾಲದಲ್ಲಿ ಬಂಡೆಗಳ ಮೇಲಿಂದ ಹರಿದು ಬರುವ ಸಣ್ಣ ಹಳ್ಳಗಳು ಹೊತ್ತು ತರುವ ಕರಿಮರಳಿನಿಂದ. ಹಳ್ಳದ ಮರಳಲ್ಲಿ ಮ್ಯಾಗ್ನೆಟ್ ಆಡಿಸಿದರೆ ಕಪ್ಪು ಪುಡಿ ಮೆತ್ತಿಕೊಳ್ಳುತ್ತಲ್ಲ, ಅದೇ! ಚಿಕ್ಕವರಿದ್ದಾಗ ಹಳೇ ಸ್ಪೀಕರ್ ಒಡೆದು ತೆಗೆದ ಮ್ಯಾಗ್ನೆಟ್‌ನಲ್ಲಿ ನಾವೂ ಆಟ ಆಡಿದ್ದೇವೆ. ಆ ಮರಳನ್ನು ಇದ್ದಿಲಿನ ಜೊತೆ ಸಣ್ಣ ಕುಲುಮೆಯಲ್ಲಿ, ತಿದಿ ಒತ್ತಿ ಗಾಳಿ ಊದಿ ಕರಗಿಸಿದರೆ ಕಬ್ಬಿಣ.

ಅಲ್ಲಿಗೇ ನಿಲ್ಲಲಿಲ್ಲ. ಆ ಕಬ್ಬಿಣದಿಂದ ಉಕ್ಕು ಮಾಡುತ್ತಿದ್ದರು. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಅದರ ಜೊತೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿ ಎಲೆ ಹಾಕಿ, ಮೇಲೆ ಮಣ್ಣಿನ ಮುಚ್ಚಳ ಮೆತ್ತಿ ಬೆಂಕಿಯಲ್ಲಿಡೋದು. ತಂಗಡಿ ಅಂದರೆ ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ಗಿಡ, ಕೆಲವು ಕಡೆ ಆವರಿಕೆ ಅಂತಾರೆ. ಕಡ್ಡಿ ಸುಟ್ಟು ಬರುವ ಇಂಗಾಲ ಕಬ್ಬಿಣದೊಳಗೆ ಸೇರಿ ಅದು ಉಕ್ಕಾಗುತ್ತೆ. ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು, ವಾದ್ಯಗಳ ತಂತಿ, ಇವಕ್ಕೆಲ್ಲಾ ಈ ಉಕ್ಕೇ ಬೇಕಿತ್ತು. ಯೂರೋಪಿನವರು ಇಂಥ ಉಕ್ಕನ್ನೇ ‘ವೂಟ್ಜ್’ ಅಂತ ಕರೆದದ್ದು. ಆ ಪದ ಬಂದದ್ದೇ ನಮ್ಮ ‘ಉಕ್ಕು’ವಿನಿಂದ ಅಂತ ಬಹಳ ಜನ ವಿದ್ವಾಂಸರ ಅಭಿಪ್ರಾಯ.

ಇನ್ನೊಂದು ಸ್ವಾರಸ್ಯ ನೋಡಿ. ಅದೇ ಬುಕಾನನ್ ಚನ್ನಪಟ್ಟಣದಲ್ಲಿ ಉಕ್ಕಿನ ತಂತಿ ಎಳೆಯುವವರನ್ನು ಕಂಡಿದ್ದ. ವಾದ್ಯಗಳಿಗೆ ಹಾಕುವ ಆ ತಂತಿಗೆ ದೂರದೂರದಿಂದ ಬೇಡಿಕೆ ಇತ್ತು. ಅಂದ ಮೇಲೆ ಉಕ್ಕೂ ಇತ್ತು, ತಂತಿ ಎಳೆಯುವ ವಿದ್ಯೆಯೂ ಇತ್ತು. ಇನ್ನೂರು ವರ್ಷದ ಹಿಂದೆ ಒಂದು ಕಿಟಕಿ ಜಾಲರಿಗೆ ಬೇಕಾದದ್ದೆಲ್ಲಾ ನಮ್ಮ ಸೀಮೆಯಲ್ಲೇ ಸಿಗುತ್ತಿತ್ತು. ಆದರೆ ಕಿಟಕಿಗೆ ಜಾಲರಿ ಯಾಕೆ ಬೇಕು ಅನ್ನೋದು ಮಾತ್ರ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಇಂಗ್ಲೆಂಡಿನ ಅಗ್ಗದ ಕಬ್ಬಿಣ ಹಡಗಿನಲ್ಲಿ ಬಂತು. ಊರ ಕುಲುಮೆಗಳು ಕಬ್ಬಿಣ ಕರಗಿಸುವುದನ್ನು ಒಂದೊಂದಾಗಿ ಬಿಟ್ಟವು. ಸ್ಕ್ರೂ ಕಥೆಯೂ ಹಾಗೇ. ಮೊದಲು ಮರದ ಸ್ಕ್ರೂಗಳ ತುದಿ ಮೊಂಡಾಗಿರುತ್ತಿತ್ತು, ತೂತು ಕೊರೆದೇ ತಿರುಗಿಸಬೇಕಿತ್ತು. ಚೂಪು ತುದಿಯ ಸ್ಕ್ರೂ ಮಾಡುವ ಯಂತ್ರಕ್ಕೆ ಅಮೆರಿಕದ ಥಾಮಸ್ ಸ್ಲೋನ್ 1846ರಲ್ಲಿ ಪೇಟೆಂಟ್ ಪಡೆದ. 1854ರಲ್ಲಿ ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆಥ್‌ವಿಕ್‌ನಲ್ಲಿ ನೆಟಲ್‌ಫೋಲ್ಡ್ ಮತ್ತು ಚೇಂಬರ್ಲೇನ್ ಕಂಪನಿ ಅದನ್ನು ತಂದು ಕಾರ್ಖಾನೆ ಹಾಕಿತು. ನಮ್ಮಲ್ಲಿ ಹಳೇ ಬಡಗಿಗಳು ಇವತ್ತಿಗೂ ‘ನೆಟಲ್‌ಫೋಲ್ಡ್ ಸ್ಕ್ರೂ’ ಅಂತ ಕೇಳೋದುಂಟು. ಹೀಗೆ ನಮ್ಮ ಚೌಕಟ್ಟಿನ ಮೂಲೆಗೆ ಕಾರ್ಖಾನೆಯ ಪಟ್ಟಿ, ಕಾರ್ಖಾನೆಯ ಸ್ಕ್ರೂ ಬಂತು. ಆದರೆ ಕೊಕ್ಕೆ ಮಾತ್ರ 1976ರಲ್ಲೂ ಕುಲುಮೆಯಲ್ಲೇ ಹುಟ್ಟಿತು. ಕಬ್ಬಿಣ ಬೇರೆ ಕಡೆಯದಾದರೂ ಕೈ ನಮ್ಮೂರಿನದು.

ಜರಡಿಯೇ ಜಾಲರಿ ಆದದ್ದು

ಇನ್ನು ಜಾಲರಿ. ಇದು ಶುರುವಾದದ್ದು ಅಡುಗೆಮನೆಯ ಸಾಮಾನಾಗಿ ಅಂದ್ರೆ ನಂಬ್ತೀರಾ?

ಅಮೆರಿಕದ ಕನೆಕ್ಟಿಕಟ್‌ನಲ್ಲಿ ಗಿಲ್ಬರ್ಟ್ ಅಂಡ್ ಬೆನೆಟ್ ಅಂತ ಒಂದು ಕಂಪನಿ ಇತ್ತು. ಮೊದಲು ಕುದುರೆ ಕೂದಲಿನಿಂದ, ಆಮೇಲೆ ತಂತಿಯಿಂದ ಜರಡಿ ಮಾಡುತ್ತಿದ್ದರು. 1861ರಲ್ಲಿ ಅಂತರ್ಯುದ್ಧ ಶುರುವಾಗಿ ದಕ್ಷಿಣದ ರಾಜ್ಯಗಳ ವ್ಯಾಪಾರ ನಿಂತುಹೋಯ್ತು. ಗೋದಾಮಿನಲ್ಲಿ ಜರಡಿ ತಂತಿಬಟ್ಟೆ ರಾಶಿ ಬಿದ್ದಿತ್ತು. ಆಗ ಅಲ್ಲಿನ ಒಬ್ಬ ನೌಕರನಿಗೆ, ಇದಕ್ಕೆ ತುಕ್ಕು ಹಿಡಿಯದಂತೆ ಬಣ್ಣ ಬಳಿದು ಕಿಟಕಿಗೆ ಮಾರಿದರೆ ಹೇಗೆ ಅಂತ ಹೊಳೀತು. ಅದೇ ದೊಡ್ಡ ವ್ಯಾಪಾರ ಆಯ್ತು.

ಅಲ್ಲಿ ಚಳಿಗಾಲಕ್ಕೆ ಗಾಜಿನ ಕದ, ಬೇಸಿಗೆಗೆ ಜಾಲರಿ ಅಂತ ಬದಲಾಯಿಸಬೇಕು. ಅದಕ್ಕೇ ಎತ್ತಿ ತೆಗೆದು ಮತ್ತೆ ಸಿಕ್ಕಿಸುವ ತೂಗುಕೊಕ್ಕೆ, ಮೂಲೆ ಪಟ್ಟಿ, ಕೊಕ್ಕೆ ಬಳೆ, ಟರ್ನ್‌ಬಕಲ್ ಎಲ್ಲ ಅಂಗಡಿ ಸಾಮಾನಾದವು. ಆದರೆ ಆಗಲೂ ಜನ ಜಾಲರಿ ಹಾಕಿಸಿದ್ದು ನೊಣ ಬರಬಾರದು, ನಿದ್ದೆ ಕೆಡಬಾರದು ಅಂತ. ಜೀವ ಉಳಿಸೋಕಲ್ಲ.

ನಮ್ಮಲ್ಲೂ ಜಾಲರಿ ಕಿಟಕಿಗಿಂತ ಮೊದಲು ಅಡುಗೆಮನೆಗೆ ಬಂದದ್ದು. ಹಾಲು ಮೊಸರಿಡುವ ಜಾಲರಿ ಬೀರು ನೆನಪಿದೆಯಾ? ನಾಲ್ಕು ಕಾಲಿಗೂ ಇರುವೆ ಹತ್ತದಂತೆ ನೀರಿನ ಬಟ್ಟಲು. ಅಜ್ಜಿ ಮನೆಯಲ್ಲಿ ಅದು ಇನ್ನೂ ಇದೆ. ಬೆಕ್ಕಿನಿಂದ ಹಾಲು ಕಾಪಾಡೋಕೆ ಜಾಲರಿ ಇತ್ತು, ಸೊಳ್ಳೆಯಿಂದ ಮಕ್ಕಳನ್ನು ಕಾಪಾಡೋಕೆ ಆಮೇಲೆ ಬಂತು.

ಬೆಂಗಳೂರಿನ ಒಂದು ನೀರಿನ ತೊಟ್ಟಿ

ಸೊಳ್ಳೆಯ ಕಥೆಯಲ್ಲಿ ಬೆಂಗಳೂರಿನ ಒಂದು ಕಿಟಕಿಗೂ ಪಾತ್ರ ಇದೆ. 1883ರ ಹೊತ್ತಿಗೆ ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರು ವರ್ಷದ ಸೈನ್ಯದ ವೈದ್ಯ ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದ. ಬಂಗಲೆ ಚೆನ್ನಾಗಿತ್ತು, ಸೊಳ್ಳೆ ಕಾಟ ಮಾತ್ರ ವಿಪರೀತ. ನೋಡಿದರೆ ಅವನ ಕಿಟಕಿಯ ಹೊರಗೇ ಇದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಮಿಜಿಗುಟ್ಟುತ್ತಿದ್ದವು. ತೊಟ್ಟಿ ಮಗುಚಿದ, ಸೊಳ್ಳೆ ಕಡಿಮೆಯಾಯ್ತು. ಹಾಗಿದ್ದರೆ ಮೆಸ್ಸಿನ ಸುತ್ತಲಿನ ತೊಟ್ಟಿಗಳನ್ನೂ ಖಾಲಿ ಮಾಡಿಸೋಣ ಅಂತ ಮೇಲಿನ ಅಧಿಕಾರಿಗೆ ಹೇಳಿದರೆ ಆತ ನಕ್ಕುಬಿಟ್ಟನಂತೆ. ಸೊಳ್ಳೆಗಳನ್ನು ದೇವರು ಯಾವುದೋ ಕಾರಣಕ್ಕೆ ಸೃಷ್ಟಿಸಿದ್ದಾನೆ, ಸಹಿಸಿಕೊಳ್ಳೋದೇ ನಮ್ಮ ಧರ್ಮ ಅನ್ನೋ ಥರದ ಉತ್ತರ. ರಾಸ್ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದುಕೊಂಡಿದ್ದಾನೆ.

ಹದಿನಾಲ್ಕು ವರ್ಷದ ನಂತರ, 1897ರ ಆಗಸ್ಟ್ 20ರಂದು, ಅದೇ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡ. 1902ರಲ್ಲಿ ನೊಬೆಲ್ ಬಂತು.

ಸೊಳ್ಳೆಯಿಂದಲೇ ಮಲೇರಿಯಾ ಅಂತಾದರೆ, ಸೊಳ್ಳೆಯನ್ನು ತಡೆದರೆ ಮಲೇರಿಯಾ ಬರಬಾರದು ತಾನೇ? ಇದನ್ನು ಇಟಲಿಯಲ್ಲಿ ಪರೀಕ್ಷೆ ಮಾಡಿದರು. 1900ರ ಬೇಸಿಗೆಯಲ್ಲಿ ರೋಮ್ ಹತ್ತಿರದ ಓಸ್ಟಿಯಾದ ಜೌಗು ಪ್ರದೇಶದಲ್ಲಿ ಒಂದು ಮರದ ಗುಡಿಸಲು ಕಟ್ಟಿ, ಕಿಟಕಿ ಬಾಗಿಲಿಗೆಲ್ಲಾ ತಂತಿ ಜಾಲರಿ ಹಾಕಿ, ಲೋ ಮತ್ತು ಸಾಂಬೋನ್ ಎಂಬ ವೈದ್ಯರು ಜುಲೈನಿಂದ ಅಕ್ಟೋಬರ್‌ವರೆಗೆ ಅಲ್ಲೇ ವಾಸ ಮಾಡಿದರು. ಹಗಲು ಎಲ್ಲರಂತೆ ಓಡಾಟ, ಅದೇ ನೀರು, ಅದೇ ಗಾಳಿ. ಸೂರ್ಯ ಮುಳುಗುವ ಹೊತ್ತಿಗೆ ಒಳಗೆ. ಕ್ವಿನೈನ್ ಇಲ್ಲ. ಸುತ್ತಮುತ್ತಲಿನ ಜನ ಜ್ವರದಲ್ಲಿ ನಡುಗುತ್ತಿದ್ದರೆ ಇವರಿಗೆ ಏನೂ ಆಗಲಿಲ್ಲ. ಅದೇ ವರ್ಷ ಗ್ರಾಸಿ ಎಂಬ ವಿಜ್ಞಾನಿ ಕಪಾಚ್ಚೋ ಬಯಲಿನ ರೈಲ್ವೆ ನೌಕರರ ಮನೆಗಳಿಗೆ ಜಾಲರಿ ಹಾಕಿಸಿದ. ರಕ್ಷಣೆ ಪಡೆದ 112 ಜನರಲ್ಲಿ ಜ್ವರ ಬಂದದ್ದು 5 ಜನರಿಗೆ ಮಾತ್ರ.

ಆಮೇಲೆ ಪನಾಮಾ ಕಾಲುವೆ. 1904ರಿಂದ 1914ರವರೆಗೆ ಅಮೆರಿಕನ್ನರು ಅಗೆದಾಗ ಗೋರ್ಗಸ್ ಎಂಬ ವೈದ್ಯಾಧಿಕಾರಿ ನೌಕರರ ಮನೆಗಳಿಗೆ ಜಾಲರಿ ಹಾಕಿಸಿದ. ಕಬ್ಬಿಣ ಆ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತೆ ಅಂತ ತಾಮ್ರದ ಜಾಲರಿ! ಆದರೆ ಆ ಮನೆಗಳು ಸಿಕ್ಕಿದ್ದು ಹೆಚ್ಚಾಗಿ ಬಿಳಿ ನೌಕರರಿಗೆ. ಗುದ್ದಲಿ ಹಿಡಿದ ವೆಸ್ಟ್ ಇಂಡೀಸಿನ ಕೂಲಿಗಳಲ್ಲಿ ಬಹಳಷ್ಟು ಜನ ಜಾಲರಿ ಇಲ್ಲದ ಕಡೆಯೇ ಮಲಗಿದರು. ಜಾಲರಿಯ ಚರಿತ್ರೆ ಅಂದರೆ ಯಾರ ಕಿಟಕಿಗೆ ಹಾಕಿದರು, ಯಾರ ಕಿಟಕಿಗೆ ಹಾಕಲಿಲ್ಲ ಅನ್ನೋ ಚರಿತ್ರೆಯೂ ಹೌದು.

ನಮ್ಮ ಮೈಸೂರು ಸೀಮೆಯಲ್ಲಿ

ನಮ್ಮಲ್ಲಿ ನೀರಾವರಿಯ ಜೊತೆಜೊತೆಗೇ ಚಳಿಜ್ವರವೂ ಬಂತು. ಶಿರಾ ದಾಟಿದರೆ ಹಿರಿಯೂರು. ಅಲ್ಲಿ ವಾಣಿವಿಲಾಸ ಸಾಗರ, ನಮ್ಮ ಜನರ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಮುಗಿಯಿತು. ಕಾಲುವೆ ನೀರು ಹರಿದ ಕಡೆ ಹೊಲ ಹಸಿರಾಯಿತು, ಮಲೇರಿಯಾ ಕಾಟವೂ ಹೆಚ್ಚಿತು. ಮುಂದೆ ಕೃಷ್ಣರಾಜಸಾಗರದ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಬಂದಾಗ ಮಂಡ್ಯದ ಕಡೆಯೂ ಇದೇ ಕಥೆ. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ಕೈ ಹಾಕಿತು. ಡಾ. ಸ್ವೀಟ್ ಎಂಬುವರು ಬಂದರು. ಹಿರಿಯೂರು, ಮೂಡಿಗೆರೆ, ನಾಗೇನಹಳ್ಳಿಗಳಲ್ಲಿ ಕೇಂದ್ರಗಳಾದವು.

ಎಲ್ಲರ ಮನೆಗೂ ಜಾಲರಿ ಹಾಕಿಸಿಬಿಡಬಹುದಿತ್ತಲ್ಲ ಅಂತ ನನಗೂ ಅನ್ನಿಸಿತು. ಆದರೆ ನಮ್ಮ ಹಳೇ ಮನೆಗಳನ್ನು ನೆನಪಿಸಿಕೊಳ್ಳಿ. ನಾಡಹೆಂಚಿನ ಮನೆಯಾದರೆ ಗೋಡೆಗೂ ಸೂರಿಗೂ ನಡುವೆ ಕೈ ಹೋಗುವಷ್ಟು ಜಾಗ. ಮಧುಗಿರಿ, ಪಾವಗಡದ ಕಡೆಯ ಮಣ್ಣಿನ ಮಾಳಿಗೆ ಮನೆಯಾದರೆ ಕಿಟಕಿಯೇ ಇಲ್ಲ, ಮೇಲೊಂದು ಗವಾಕ್ಷಿ. ಬಾಗಿಲು ಬೆಳಗಿನಿಂದ ರಾತ್ರಿವರೆಗೆ ತೆರೆದೇ ಇರುತ್ತೆ. ಬೇಸಿಗೆ ಬಂದರೆ ಮನೆಮಂದಿಯೆಲ್ಲಾ ಜಗಲಿಯಲ್ಲಿ, ಮಾಳಿಗೆ ಮೇಲೆ ಮಲಗೋದು. ಇಂಥ ಮನೆಯ ಒಂದು ಕಿಟಕಿಗೆ ಜಾಲರಿ ಹಾಕಿ ಏನು ಪ್ರಯೋಜನ? ಮನೆ ಪೂರ್ತಿ ಮುಚ್ಚಿದರೆ ಮಾತ್ರ ಜಾಲರಿಗೆ ಬೆಲೆ. ಹಾಗಾಗಿ ಸರ್ಕಾರಗಳು ನೀರಿನಲ್ಲಿ ಮರಿ ಕೊಲ್ಲುವ, ಮುಂದೆ ಗೋಡೆಗೆ ಔಷಧಿ ಹೊಡೆಯುವ ದಾರಿ ಹಿಡಿದವು. ಜಾಲರಿ ಬಂಗಲೆಗಳಲ್ಲೇ ಉಳಿಯಿತು.

ಸ್ವಾತಂತ್ರ್ಯ ಬಂದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ, 8 ಲಕ್ಷ ಸಾವು ಅಂತ ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು. ಡಿಡಿಟಿ ಹೊಡೆಯೋರು ಊರೂರಿಗೂ ಬಂದು ಗೋಡೆಗೆ ಔಷಧಿ ಹೊಡೆದು ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದರು. ಅಜ್ಜಿಗೆ ಆ ವಾಸನೆ ಇನ್ನೂ ನೆನಪಿದೆ. 1958ರಲ್ಲಿ ಕಾರ್ಯಕ್ರಮದ ಹೆಸರೇ ‘ನಿರ್ಮೂಲನೆ’ ಅಂತ ಬದಲಾಯ್ತು. 1965ರ ಹೊತ್ತಿಗೆ ದೇಶದಲ್ಲೆಲ್ಲಾ ಸೇರಿ ಸುಮಾರು 1 ಲಕ್ಷ ಪ್ರಕರಣ ಅಷ್ಟೇ. ಗೆದ್ದೇಬಿಟ್ವಿ ಅಂತ ಎಲ್ಲರೂ ಅಂದುಕೊಂಡರು.

ಗೆದ್ದಿರಲಿಲ್ಲ. ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತು, ಔಷಧಿ ಹೊಡೆಯೋದು ತಪ್ಪುತ್ತಾ ಬಂತು, ನಿಗಾ ಸಡಿಲವಾಯ್ತು. ನೆನಪಿಟ್ಟುಕೊಳ್ಳಿ ಅಂದಿದ್ದ ಆ ಇಸವಿ, 1976. ಆ ಒಂದು ವರ್ಷದಲ್ಲಿ ದೇಶದಲ್ಲಿ ದಾಖಲಾದ ಮಲೇರಿಯಾ ಪ್ರಕರಣ 64 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಒಂದು, ಕೊರಟಗೆರೆಯ ಮೂರು ವರ್ಷದ ಹುಡುಗಿ. ನನ್ನ ಅಮ್ಮ.

ಗೋಡೆಗೆ ಔಷಧಿ ಹೊಡೆಯೋರು ಬರ್ತಾರೆ ಅಂತ ತಾತ ಮತ್ತೆ ಕಾಯಲಿಲ್ಲ. ಮನೆಗೆ ಆಗಷ್ಟೇ ಆರ್‌ಸಿಸಿ ಹಾಕಿಸಿದ್ದರು, ಸೂರಿನ ಸಂದು ಮುಚ್ಚಿತ್ತು. ತುಮಕೂರಿನಿಂದ ಜಾಲರಿ ತಂದರು, ಬಡಗಿಯಿಂದ ಚೌಕಟ್ಟು ಮಾಡಿಸಿದರು, ಮುರಿದ ಸರಳು ಹಿಡಿದುಕೊಂಡು ಕುಲುಮೆಗೆ ಹೋದರು. ನಾನು ‘ಹಳೇ ಕಾಲದ್ದು’ ಅಂತ ಅಟ್ಟಕ್ಕೆಸೆದ ಚೌಕಟ್ಟು ಇದು.

ಲೆಕ್ಕ

ಇಂಜಿನಿಯರ್ ಅಲ್ವಾ, ಒಂದು ಲೆಕ್ಕ ಮಾಡದೆ ಮುಗಿಸೋಕಾಗಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಕಿಟಕಿ ಜಾಲರಿಯ ಒಂದು ಅಳತೆ ಇದೆ. ಕಣ್ಣಿನ ಅಗಲ 1.4 ಮಿಲಿಮೀಟರ್, ತಂತಿಯ ದಪ್ಪ 0.63 ಮಿಲಿಮೀಟರ್. ನಮ್ಮ ಕಿಟಕಿಯಂಥ, ಅಂದರೆ 900 ಕ್ಕೆ 1050 ಮಿಲಿಮೀಟರ್ ಅಂದುಕೊಂಡರೆ, ಒಂದು ಜಾಲರಿಯಲ್ಲಿ ಸುಮಾರು 2 ಲಕ್ಷ 29 ಸಾವಿರ ಕಣ್ಣುಗಳಿರುತ್ತವೆ. ಒಂದೊಂದೂ ಸರಿಯಾಗಿದ್ದರೂ, ಚೌಕಟ್ಟು ವಾಲಿ ಕೆಳಗಡೆ ಬರೀ 5 ಮಿಲಿಮೀಟರ್ ಸಂದು ಬಿಟ್ಟರೆ ಅಷ್ಟೂ ವ್ಯರ್ಥ. ಸೊಳ್ಳೆಗೆ ಎರಡು ಕಾಲು ಲಕ್ಷ ದಾರಿ ಬೇಡ, ಒಂದು ಸಾಕು. ನಮ್ಮ ಕೆಲಸದಲ್ಲೂ ಅಷ್ಟೇ ತಾನೇ, ಬಗ್ ಒಳಗೆ ಬರೋದು ಟೆಸ್ಟ್ ಮಾಡದ ಒಂದೇ ಜಾಗದಿಂದ.

ಅಂದ್ರೆ ಆ ಎರಡು ಲಕ್ಷ ಕಣ್ಣುಗಳನ್ನು ಕಾಯ್ತಾ ಇದ್ದದ್ದು ನಾಲ್ಕು ಎಲ್ ಪಟ್ಟಿ, ಮೂರು ಕೊಕ್ಕೆ. ಜಾಲರಿ ಕಂಡುಹಿಡಿದವರ ಕಥೆ ಪುಸ್ತಕಗಳಲ್ಲಿದೆ. ಅದನ್ನು ಕಿಟಕಿಗೆ ಒತ್ತಿ ಹಿಡಿದ ಕೊಕ್ಕೆಯ ಕಥೆ ಎಲ್ಲೂ ಇಲ್ಲ.

ಡೆಂಗ್ಯೂ ಸೊಳ್ಳೆ ಹಗಲು ಕಚ್ಚೋದು, ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ ಹೆಚ್ಚು. ಓಸ್ಟಿಯಾದವರಂತೆ ಸೂರ್ಯ ಮುಳುಗಿದ ಮೇಲೆ ಬಾಗಿಲು ಹಾಕಿಕೊಂಡರೆ ಸಾಲದು. ಅದು ಮೊಟ್ಟೆ ಇಡೋದೂ ನಾವು ಮನೆಯಲ್ಲೇ ತುಂಬಿಟ್ಟ ತಿಳಿನೀರಿನಲ್ಲಿ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಮನೆ ಸುತ್ತ ಸೊಳ್ಳೆ ಮರಿ ಬೆಳೆಯೋಕೆ ಬಿಟ್ಟರೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಅಂತ ನಿಯಮ ಮಾಡಿತು. 1883ರಲ್ಲಿ ಬೆಂಗಳೂರಿನ ಒಬ್ಬ ಅಧಿಕಾರಿ ನಕ್ಕು ತಳ್ಳಿಹಾಕಿದ ಮಾತು 141 ವರ್ಷದ ಮೇಲೆ ನಮ್ಮ ರಾಜ್ಯದಲ್ಲಿ ಕಾನೂನಾಯಿತು!

ಮತ್ತೆ ಕಿಟಕಿಗೆ

ಅಟ್ಟದಿಂದ ಇಳಿಸಿದ ಚೌಕಟ್ಟುಗಳಿಗೆ ಹೊಸ ಸ್ಟೀಲ್ ಜಾಲರಿ ಹಾಕಿಸಿದೆ. ಎಲ್ ಪಟ್ಟಿಗಳು ಹಾಗೇ ಗಟ್ಟಿಯಾಗಿದ್ದವು. ಆದರೆ ಅಜ್ಜಿ ಕೋಣೆಯ ಚೌಕಟ್ಟಿನ ಕೆಳಗಿನ ಕೊಕ್ಕೆ ಕಾಣಲಿಲ್ಲ, ಬಿಚ್ಚುವಾಗ ನಾನೇ ಎಲ್ಲೋ ಬಿಸಾಕಿರಬೇಕು. ಅಂಗಡಿಯಲ್ಲಿ ಸಿಕ್ಕ ಕೊಕ್ಕೆಗಳೆಲ್ಲಾ ಗಿಡ್ಡ, ಸರಳುಗಳನ್ನು ದಾಟಿ ಬಳೆಗೆ ಮುಟ್ಟಲ್ಲ.

ಕೊನೆಗೆ ಕುಲುಮೆ ಇದ್ದ ಜಾಗಕ್ಕೇ ಹೋದೆ. ಈಗ ಅಲ್ಲಿ ವೆಲ್ಡಿಂಗ್ ಅಂಗಡಿ. ತಾತನಿಗೆ ಕೊಕ್ಕೆ ಮಾಡಿಕೊಟ್ಟವರ ಮೊಮ್ಮಗ, ಹೆಚ್ಚುಕಡಿಮೆ ನನ್ನದೇ ವಯಸ್ಸು. ಹಳೇ ಕೊಕ್ಕೆ ಒಂದನ್ನು ಮಾದರಿಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, "ನಮ್ಮಜ್ಜನ ಕೈಕೆಲಸ ಸಾರ್ ಇದು, ತುದಿ ಹಿಂಗೆ ಸೊಟ್ಟ ಮಾಡೋರು ಅವರೊಬ್ರೇ" ಅಂದ. ಗ್ಯಾಸಿನಲ್ಲಿ ಸರಳಿನ ತುಂಡು ಕೆಂಪಗೆ ಕಾಯಿಸಿ ಹತ್ತು ನಿಮಿಷದಲ್ಲಿ ಬಗ್ಗಿಸಿ ಕೊಟ್ಟ. ದುಡ್ಡು ಬೇಡ ಅಂದ, ಬಲವಂತವಾಗಿ ಐವತ್ತು ರೂಪಾಯಿ ಕೊಟ್ಟು ಬಂದೆ.

ಸಂಜೆ ನಾಲ್ಕಕ್ಕೆಲ್ಲಾ ಜಾಲರಿ ತೂಗುಹಾಕಿದೆ. ಅಜ್ಜಿ ಮಂಚದ ಮೇಲೆ ಕೂತೇ ನೋಡ್ತಾ ಇದ್ದರು. ನಾನು ಒಳಗೆ ಬಂದು ಸರಳಿನ ನಡುವೆ ಕೈ ಹಾಕಿ ಕೊಕ್ಕೆ ಸಿಕ್ಕಿಸಿದಾಗ ‘ಟಕ್’ ಅಂತ ಒಂದು ಸದ್ದು ಬಂತು.

"ಹ್ಞಾಂ, ಇದು. ಈ ಸದ್ದು ಬಂದ್ರೆ ಕೂತ್ಕೊಂತು ಅಂತ. ನಿಮ್ಮಮ್ಮ ಮಲಗಿದ ಮೇಲೆ ನಿಮ್ಮ ತಾತ ದಿನಾ ರಾತ್ರಿ ಎಲ್ಲಾ ಕಿಟಕಿದೂ ಒಂದ್ಸಲ ಎಳೆದು ನೋಡ್ತಿದ್ರು" ಅಂದರು ಅಜ್ಜಿ.

ನಾನೂ ಒಂದ್ಸಲ ಎಳೆದು ನೋಡಿದೆ. ಗಟ್ಟಿಯಾಗಿತ್ತು.

ನಿಮ್ಮ ಮನೆ ಅಟ್ಟದಲ್ಲೂ ಇಂಥ ಚೌಕಟ್ಟು, ಇಂಥ ಕೊಕ್ಕೆ ಇರಬಹುದು. ಗುಜರಿಗೆ ಹಾಕೋ ಮುಂಚೆ ಒಂದ್ಸಲ ಒರೆಸಿ ನೋಡಿ. ಹಾಗೇ ನಿಮ್ಮೂರ ಕಡೆ ಇವಕ್ಕೆಲ್ಲಾ ಏನಂತಾರೆ ಅನ್ನೋದನ್ನೂ ತಿಳಿಸಿ. ಟರ್ನ್‌ಬಕಲ್‌ಗೆ ಒಂದು ಒಳ್ಳೆ ಕನ್ನಡ ಹೆಸರು ಹುಡುಕ್ತಾ ಇದೀನಿ :-)